ಎಲ್ಲರಿಗೂ ತೆರೆದ ಕೋಡ್, ಓದುವವರು ಎಷ್ಟು ಮಂದಿ?

(ವೇದಿಕೆಯೊಂದರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಮೂರನೇ ಸಾಲು

ಮುಂದಿನ ವರ್ಷದೊಳಗೆ ಆದಷ್ಟು ಕೆಲಸವನ್ನು ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ಓದಿ, ಬದಲಾಯಿಸಿ ಬಳಸಬಹುದಾದ) ತಂತ್ರಾಂಶಗಳಿಗೆ ಸಾಗಿಸಬೇಕೆಂದು ನಮ್ಮ ಸಂಸ್ಥೆಯಲ್ಲಿ ತೀರ್ಮಾನವಾಗಿದೆ. ಆಫೀಸ್ ತಂತ್ರಾಂಶ, ಡೇಟಾಬೇಸ್, ಸರ್ವರ್, ನಾವೇ ಬರೆದುಕೊಂಡಿರುವ ಅಪ್ಲಿಕೇಶನ್‌ಗಳು, ಎಲ್ಲವೂ ಪಟ್ಟಿಯಲ್ಲಿವೆ. ತೀರ್ಮಾನ ತೆಗೆದುಕೊಂಡವರ ಮುಂದಿದ್ದದ್ದು ಒಂದೇ ಹಾಳೆ: ಈಗ ಕಟ್ಟುತ್ತಿರುವ ಪರವಾನಗಿ ಶುಲ್ಕ ಇಷ್ಟು, ಮುಂದೆ ಸೊನ್ನೆ. ಇದನ್ನು ಜಾರಿಗೆ ತರಬೇಕಾದವರಲ್ಲಿ ನಾನೂ ಒಬ್ಬ.

ಅನುಕೂಲಗಳ ಬಗ್ಗೆ ಬೇಕಾದಷ್ಟು ಓದಿದ್ದೇನೆ, ದಯವಿಟ್ಟು ಅವನ್ನು ಮತ್ತೆ ಹೇಳಬೇಡಿ. ಎಲ್ಲಿ ಮುರಿಯುತ್ತದೆ, ಭಾರ ಯಾರ ಮೇಲೆ ಬೀಳುತ್ತದೆ, ಮೊದಲೇ ಏನನ್ನು ಕೇಳಿಕೊಳ್ಳಬೇಕಿತ್ತು ಎಂದು ನಿಮಗೆ ಆಮೇಲೆ ಅನ್ನಿಸಿತು, ಅದನ್ನು ಹೇಳಿದರೆ ಉಪಕಾರ.

ಸರ್ವರ್ ಕಾವಲು

ಆ ಹಾಳೆಯ ಸೊನ್ನೆಯೇ ಮೊದಲ ತೊಂದರೆ. ಶುಲ್ಕ ಹೋಗುತ್ತದೆ, ನಿಜ. ಅದರ ಜೊತೆಗೆ, ನಡುರಾತ್ರಿ ಡೇಟಾಬೇಸ್ ನಿಂತಾಗ ಫೋನ್ ಮಾಡಿ ಬೈಯಲು ಇದ್ದ ಒಬ್ಬರೂ ಹೋಗುತ್ತಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ, ಲಿನಕ್ಸ್ ವಿತರಣೆಗಳಿಗೆ (ವಿಂಡೋಸ್ ಬದಲಿಗೆ ಬಳಸುವ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಸಿದ್ಧ ಕಂತೆಗಳಿಗೆ) ಹಣ ಪಡೆದು ಬೆಂಬಲ ಕೊಡುವ ಕಂಪನಿಗಳಿವೆ. ಇಲ್ಲವಾದರೆ ಅದನ್ನು ಬಲ್ಲ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಎರಡರಲ್ಲಿ ಒಂದು ಆಗಲೇಬೇಕು. ಎರಡೂ ಬೇಡ ಎಂದವರ ಕಡೆ ಮೂರನೆಯ ದಾರಿ ತಾನಾಗಿ ಹುಟ್ಟಿಕೊಳ್ಳುತ್ತದೆ: ಯಾವನೋ ಒಬ್ಬ ಉತ್ಸಾಹಿ ನೌಕರ ತನ್ನ ಕೆಲಸದ ಜೊತೆಗೆ ಇದನ್ನೂ ಹೊರುತ್ತಾನೆ, ಒಂದು ದಿನ ಬೇರೆಡೆ ಕೆಲಸಕ್ಕೆ ಸೇರುತ್ತಾನೆ. ಆಮೇಲೆ ಆ ಸರ್ವರ್‌ನ ಹತ್ತಿರ ಹೋಗಲು ಯಾರಿಗೂ ಧೈರ್ಯವಿರುವುದಿಲ್ಲ.

ಎರಡನೆಯದು ಕ್ರಮದ ವಿಷಯ. ಎಲ್ಲರೂ ಜರ್ಮನಿಯ ಮ್ಯೂನಿಕ್ ನಗರಾಡಳಿತದ ಕತೆಯನ್ನು ಹೇಳುತ್ತಾರೆ. 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸಿ, ಹತ್ತು ವರ್ಷದಲ್ಲಿ ಸುಮಾರು 15 ಸಾವಿರ ಕಂಪ್ಯೂಟರ್‌ಗಳನ್ನು ಬದಲಾಯಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ನಿರ್ಣಯ ಮಾಡಿದರು. ಅದೇ ಕಾಲದ ಫ್ರಾನ್ಸ್‌ನ ಜಾಂಡಾರ್ಮರಿ ಪೊಲೀಸ್ ಪಡೆಯ ಕತೆಯನ್ನು ಹೇಳುವವರು ಕಡಿಮೆ. ಅವರು 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್‌ಆಫೀಸ್ ಹಾಕಿದರು, ಆಮೇಲೆ ಬ್ರೌಸರ್ ಮತ್ತು ಮೇಲ್ ಬದಲಾಯಿಸಿದರು, 2008ರ ಹೊತ್ತಿಗೆ ಕಾರ್ಯಾಚರಣಾ ವ್ಯವಸ್ಥೆಯನ್ನೂ ಲಿನಕ್ಸ್‌ಗೆ ಬದಲಾಯಿಸಲು ಕೈ ಹಾಕಿದರು. ಅಷ್ಟು ಹೊತ್ತಿಗೆ ಜನ ದಿನವೂ ತೆರೆಯುವ ತಂತ್ರಾಂಶಗಳೆಲ್ಲ ಪರಿಚಿತವಾಗಿದ್ದವು, ಕೆಳಗಿನ ವ್ಯವಸ್ಥೆ ಬದಲಾದದ್ದು ಅಷ್ಟಾಗಿ ಕಾಡಲಿಲ್ಲ. ಅವರು ಇವತ್ತಿಗೂ ಅದರಲ್ಲೇ ಇದ್ದಾರೆ.

ಸಂಶಯಾತ್ಮ

ಮ್ಯೂನಿಕ್ ಸೋತದ್ದು ಕ್ರಮ ತಪ್ಪಿದ್ದಕ್ಕೆ ಎನ್ನುವುದು ಬಹಳ ಸುಲಭದ ವಿವರಣೆ. ಅಲ್ಲಿ ರಾಜಕೀಯವಿತ್ತು, ಮೇಯರ್ ಬದಲಾದರು, ಐಟಿ ವಿಭಾಗಗಳು ಹರಿದು ಹಂಚಿಹೋಗಿದ್ದವು.

ನನ್ನ ಸಂಶಯ ಇನ್ನೂ ಕೆಳಗಿನ ಮಟ್ಟದ್ದು. "ಕೋಡ್ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಸುರಕ್ಷಿತ" ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿ ಸಾಕಾಗಿದೆ. ಹಾರ್ಟ್‌ಬ್ಲೀಡ್ ನೆನಪಿದೆಯೇ? ಜಾಲತಾಣಗಳ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ, ಬಂದ ವಿನಂತಿಯ ಉದ್ದವನ್ನು ಪರೀಕ್ಷಿಸುವ ಒಂದು ಸಣ್ಣ ತಪಾಸಣೆ ಇರಲಿಲ್ಲ. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ಆ ದೋಷ ಒಳಗೆ ಬಂತು, ಬೆಳಕಿಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಎರಡು ವರ್ಷ ಅಂತರ್ಜಾಲದ ದೊಡ್ಡ ಪಾಲು ಅದರ ಮೇಲೆಯೇ ಬೀಗ ಹಾಕಿಕೊಂಡು ಮಲಗಿತ್ತು. ಯಾರು ಬೇಕಾದರೂ ಓದಬಹುದಾಗಿದ್ದ ಕೋಡ್ ಅದು. ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ಆಮೇಲೆ ಗೊತ್ತಾಯಿತು.

ಹಾಗಿದ್ದರೆ ತೆರೆದಿಟ್ಟಿದ್ದರಿಂದ ಆದ ಲಾಭವೇನು?

ಹಳೆಯ ಪ್ಯಾಚ್

ಸಂಶಯಾತ್ಮ ಅವರೇ, ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ. ನಾನು ಬಹಳ ವರ್ಷಗಳಿಂದ ಒಂದು ಸಣ್ಣ ಲೈಬ್ರರಿಯನ್ನು (ಬೇರೆ ತಂತ್ರಾಂಶಗಳು ಕರೆದು ಬಳಸುವ ಸಿದ್ಧ ಕೋಡ್) ನೋಡಿಕೊಳ್ಳುತ್ತಿದ್ದೇನೆ. ಹೆಸರು ಬೇಡ, ನಿಮ್ಮಲ್ಲಿ ಕೆಲವರ ಯಂತ್ರದಲ್ಲಿ ನಿಮಗೆ ಗೊತ್ತಿಲ್ಲದೆಯೇ ಇರಬಹುದು. ಈ ಕೆಲಸದಿಂದ ನನಗೆ ಖಚಿತವಾದದ್ದು ಒಂದೇ: ಪರವಾನಗಿಯು ಕೋಡ್ ಓದಲು ಅನುಮತಿ ಕೊಡುತ್ತದೆ, ಓದುವವರನ್ನು ಕೊಡುವುದಿಲ್ಲ. ಬರೆಯುವವರಿಗೆ ಎಂದೂ ಬರ ಬಂದಿಲ್ಲ. ಹೊಸ ಯೋಜನೆ ಪ್ರಾರಂಭಿಸುವವರು, ಹೊಸ ಸೌಲಭ್ಯ ಸೇರಿಸುವವರು ದಿನವೂ ಬರುತ್ತಾರೆ. ಇನ್ನೊಬ್ಬರು ಬರೆದದ್ದನ್ನು ಸಾವಧಾನವಾಗಿ ಓದಿ, ಇದು ಇಲ್ಲಿ ಏಕೆ ಬೇಕು, ಮುಂದೆ ಇದನ್ನು ಯಾರು ಸಲಹುತ್ತಾರೆ, ಇದರಿಂದ ಯಾವ ಹಳೆಯ ಬಳಕೆದಾರನ ಕೆಲಸ ಕೆಡುತ್ತದೆ ಎಂದು ಯೋಚಿಸುವ ಕೆಲಸಕ್ಕೆ ಮಾತ್ರ ಜನರಿಲ್ಲ. ಆ ಕೆಲಸಕ್ಕೆ ಹೆಸರು ಬರುವುದಿಲ್ಲ, ಬಯೋಡೇಟಾದಲ್ಲಿ ಬರೆದುಕೊಳ್ಳಲು ಏನೂ ಉಳಿಯುವುದಿಲ್ಲ. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಅಷ್ಟೇ ಅದರ ಫಲ.

ತಂತ್ರಾಂಶದ ಆಗುಹೋಗುಗಳನ್ನು ದಾಖಲಿಸುವ (ಲಾಗ್ ಮಾಡುವ) ಲಾಗ್‌ಫೋರ್‌ಜೆ ಲೈಬ್ರರಿಯ ದೋಷದ ಪ್ರಕರಣವನ್ನು ಎಲ್ಲರೂ 2021ರ ಡಿಸೆಂಬರ್‌ನ ಘಟನೆ ಎಂದು ನೆನಪಿಟ್ಟುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಅದು 2013ರದು. ಜಾವಾ ಭಾಷೆಯ ಜೆಎನ್‌ಡಿಐ ಎಂಬ ಹುಡುಕುವ ವ್ಯವಸ್ಥೆಯ ಮೂಲಕ ಮೌಲ್ಯಗಳನ್ನು ಹುಡುಕಿ ತರುವ ಸೌಲಭ್ಯವನ್ನು ಒಬ್ಬ ಬಳಕೆದಾರರು ಆ ವರ್ಷ ಸೂಚಿಸಿದರು, ಪ್ಯಾಚ್ (ಸೇರಿಸಬೇಕಾದ ಕೋಡ್‌ನ ತುಣುಕು) ಜೊತೆಗೇ ಬಂತು, ಸೇರಿತು. ಸೇರಿಸುವಾಗ ಅದು ಉಪಯುಕ್ತ ಎಂದೇ ಕಂಡಿತ್ತು. ಲಾಗ್ ಆಗುವ ಪಠ್ಯದೊಳಗೆ ದಾಳಿಕೋರ ತನ್ನ ವಿಳಾಸವನ್ನು ತುರುಕಿದರೆ ನಿಮ್ಮ ಸರ್ವರ್ ಹೋಗಿ ಅವನ ಕೋಡನ್ನು ತಂದು ನಡೆಸುತ್ತದೆ ಎಂದು ಎಂಟು ವರ್ಷ ಯಾರಿಗೂ ಹೊಳೆಯಲಿಲ್ಲ. ಒಮ್ಮೆ ಒಳಗೆ ಬಂದ ಸೌಲಭ್ಯವನ್ನು ತೆಗೆಯುವುದು ಇನ್ನೂ ಕಷ್ಟ. ಎಲ್ಲೋ ಯಾರೋ ಅದನ್ನು ನೆಚ್ಚಿಕೊಂಡಿರುತ್ತಾರೆ, ತೆಗೆದ ದಿನವೇ ಅವರು ಜಗಳಕ್ಕೆ ನಿಲ್ಲುತ್ತಾರೆ.

"ಬೇಡ" ಎನ್ನುವುದು ನಿರ್ವಾಹಕನ ಅತಿ ಮುಖ್ಯ ಕೆಲಸ. ಅದನ್ನು ಹೇಳಿದಾಗಲೆಲ್ಲ ಅಹಂಕಾರಿ ಎಂದು ಕರೆಸಿಕೊಳ್ಳುತ್ತಾನೆ.

ಹೊಸ ಕೈ

ಕ್ಷಮಿಸಿ, ಇನ್ನೊಂದು ಬದಿಯಿಂದಲೂ ಸ್ವಲ್ಪ ನೋಡಿ. ನಾನು ಓದುಗರ ಸಾಲಿಗೆ ಸೇರಲು ಬಂದವಳೇ. ಒಂದು ಯೋಜನೆಗೆ ದೋಷ ಸರಿಪಡಿಸಿ ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳುಹಿಸಿದೆ. ತಿಂಗಳುಗಟ್ಟಲೆ ಸದ್ದಿಲ್ಲ. ಆಮೇಲೆ ಯಂತ್ರವೊಂದು ಬಂದು "ಚಟುವಟಿಕೆ ಇಲ್ಲ" ಎಂದು ಅದನ್ನು ಮುಚ್ಚಿಹಾಕಿತು. ಚಟುವಟಿಕೆ ಇಲ್ಲದ್ದು ಯಾರ ಕಡೆಯಿಂದ? ಮತ್ತೊಂದು ಕಡೆ ಉತ್ತರ ಬಂತು, ಒಂದೇ ಸಾಲು: ನಮ್ಮ ಶೈಲಿಗೆ ಹೊಂದುವುದಿಲ್ಲ. ಆ ಶೈಲಿ ಯಾವುದು ಎಂದು ಎಲ್ಲಿಯೂ ಬರೆದಿಲ್ಲ. "ಕೊಡುಗೆಗಳಿಗೆ ಸ್ವಾಗತ" ಎಂಬ ಫಲಕವನ್ನು ಮಾತ್ರ ಮುಖಪುಟದಲ್ಲಿ ದೊಡ್ಡದಾಗಿ ತಗುಲಿಹಾಕಿದ್ದಾರೆ.

ಹಳೆಯ ಪ್ಯಾಚ್

ನಿಮ್ಮ ಸಿಟ್ಟು ನ್ಯಾಯವಾದದ್ದು. ಫಲಕದ ಬಗ್ಗೆ ನನ್ನ ತಕರಾರೂ ಅದೇ. ಸ್ವಾಗತವಿಲ್ಲದಿದ್ದರೆ ಇಲ್ಲ ಎಂದು ಬರೆಯಬೇಕು. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನ ತಂಡ ಅದನ್ನೇ ಮಾಡುತ್ತದೆ: ಕೋಡ್ ಸಾರ್ವಜನಿಕ ಸ್ವತ್ತು, ಯಾರು ಬೇಕಾದರೂ ಬಳಸಿ, ಆದರೆ ಹೊರಗಿನವರ ಪ್ಯಾಚ್‌ಗಳನ್ನು ನಾವು ತೆಗೆದುಕೊಳ್ಳುವುದಿಲ್ಲ. ಅದರಿಂದ ಯಾರೂ ನೊಂದುಕೊಂಡಂತಿಲ್ಲ. ಪ್ರಪಂಚದ ಬಹುತೇಕ ಎಲ್ಲ ಮೊಬೈಲ್‌ಗಳಲ್ಲೂ ಅದು ಇದೆ.

ಒಂದು ಪ್ರಾಯೋಗಿಕ ಸಲಹೆ. ಕೋಡ್ ಕಳುಹಿಸುವ ಮುಂಚೆ, ಬೇರೆಯವರು ಕಳುಹಿಸಿ ಕೊಳೆಯುತ್ತಿರುವ ಒಂದು ಪುಲ್ ರಿಕ್ವೆಸ್ಟನ್ನು ಎತ್ತಿಕೊಂಡು ನಿಮ್ಮ ಯಂತ್ರದಲ್ಲಿ ನಡೆಸಿ ನೋಡಿ, ಏನಾಯಿತೆಂದು ಅದರ ಕೆಳಗೆ ಬರೆಯಿರಿ. ಕೆಲಸ ಮಾಡುತ್ತದೆ, ಈ ಸಂದರ್ಭದಲ್ಲಿ ಮಾಡುವುದಿಲ್ಲ, ಪರೀಕ್ಷೆಗಳು ಇಲ್ಲಿ ಸೋಲುತ್ತವೆ, ಇಷ್ಟು ಸಾಕು. ಅಂಥದ್ದನ್ನು ಮಾಡಿದವರ ಹೆಸರು ನನಗೆ ಎಂದೂ ಮರೆತಿಲ್ಲ. ಆಮೇಲೆ ಅವರು ಕಳುಹಿಸಿದ್ದನ್ನು ಮೊದಲು ಓದುತ್ತೇನೆ. ಪಕ್ಷಪಾತ ಎನ್ನಿ, ಪರವಾಗಿಲ್ಲ.

ಸಂಶಯಾತ್ಮ

ಹಾಗೆ ವಿಶ್ವಾಸ ಗಳಿಸಿಕೊಂಡೇ ಎಕ್ಸ್‌ಝಡ್‌ನಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟರಲ್ಲ?

ಸರ್ವರ್ ಕಾವಲು

ಅದನ್ನು ವಿವರವಾಗಿ ಹೇಳುವುದು ಒಳ್ಳೆಯದು, ಮೂರನೇ ಸಾಲು ಅವರ ಪ್ರಶ್ನೆಗೆ ಅದರಲ್ಲಿ ಅರ್ಧ ಉತ್ತರವಿದೆ.

ಎಕ್ಸ್‌ಝಡ್ ಯುಟಿಲ್ಸ್ ಫೈಲುಗಳನ್ನು ಕುಗ್ಗಿಸುವ ಸಾಧನ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ವಿತರಣೆಗಳಲ್ಲೂ ಇದೆ. ನೋಡಿಕೊಳ್ಳುತ್ತಿದ್ದವರು ಒಬ್ಬರೇ. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನ ಖಾತೆ ಕಾಣಿಸಿಕೊಂಡು ಸಣ್ಣಪುಟ್ಟ ಉಪಯುಕ್ತ ಪ್ಯಾಚ್‌ಗಳನ್ನು ಕಳುಹಿಸತೊಡಗಿತು. 2022ರಲ್ಲಿ ಹಿಂದೆಮುಂದೆ ಗೊತ್ತಿಲ್ಲದ ಬೇರೆ ಕೆಲವು ಖಾತೆಗಳು ಮೇಲಿಂದ ಮೇಲೆ ದೂರಲು ಆರಂಭಿಸಿದವು: ಕೆಲಸ ನಿಧಾನವಾಗುತ್ತಿದೆ, ಹೊಸ ನಿರ್ವಾಹಕರು ಬೇಕು. ಇದು ಸಂಬಳವಿಲ್ಲದ ಹವ್ಯಾಸದ ಯೋಜನೆ ಎಂದು ಆ ನಿರ್ವಾಹಕರು ಹೇಳಿಕೊಂಡರು. ಒತ್ತಡ ನಿಲ್ಲಲಿಲ್ಲ. ಕಡೆಗೆ ಜಿಯಾ ಟಾನ್ ಕೈಗೆ ಬಿಡುಗಡೆಯ ಅಧಿಕಾರ ಹೋಯಿತು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇತ್ತು.

ಈಗ ಓದುವ ವಿಷಯಕ್ಕೆ ಬನ್ನಿ. ವಿಷವಿದ್ದದ್ದು ಪರೀಕ್ಷೆಗೆಂದು ಇಟ್ಟ ಬೈನರಿ ಫೈಲುಗಳಲ್ಲಿ, ಅವನ್ನು ಯಾರೂ ಕಣ್ಣಲ್ಲಿ ಓದಲಾರರು. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್‌ನ (ಕೋಡ್‌ನಿಂದ ತಂತ್ರಾಂಶ ಕಟ್ಟುವ ಆಜ್ಞೆಗಳ) ಸಾಲುಗಳು ಎಲ್ಲರೂ ನೋಡುವ ಗಿಟ್ ರೆಪೊಸಿಟರಿಯಲ್ಲಿ (ಕೋಡ್ ಭಂಡಾರದಲ್ಲಿ) ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಟಾರ್ ಕಡತದಲ್ಲಿ ಮಾತ್ರ ಇದ್ದವು. ರೆಪೊಸಿಟರಿಯನ್ನು ಸಾಲುಸಾಲಾಗಿ ಓದಿದವರಿಗೂ ಅದು ಸಿಗುತ್ತಿರಲಿಲ್ಲ. ಮತ್ತೊಂದು ವಿಚಿತ್ರ: ಹಿಂಬಾಗಿಲಿನ ಗುರಿಯಾಗಿದ್ದ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಈ ಲೈಬ್ರರಿಯನ್ನು ನೇರವಾಗಿ ಬಳಸುವುದೇ ಇಲ್ಲ. ಕೆಲವು ವಿತರಣೆಗಳು ಸಿಸ್ಟಮ್‌ಡಿ (ಲಿನಕ್ಸ್‌ನ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ತಂತ್ರಾಂಶ) ಜೊತೆ ಹೊಂದಿಕೆಗಾಗಿ ತಾವೇ ಹಾಕಿಕೊಂಡ ಪ್ಯಾಚ್‌ನಿಂದ ಅದು ಒಳಗೆ ಬರುತ್ತಿತ್ತು. ಅಲ್ಲಿ ಒಬ್ಬರು ಬರೆದದ್ದು, ಇಲ್ಲಿ ಇನ್ನೊಬ್ಬರು ಸೇರಿಸಿದ್ದು, ನಡುವಿನ ಸಂಧಿಯನ್ನು ಓದುವುದು ಯಾರ ಕೆಲಸವೂ ಆಗಿರಲಿಲ್ಲ.

ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಅಭಿವೃದ್ಧಿಕಾರರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಬೆನ್ನುಹತ್ತಿ 2024ರ ಮಾರ್ಚ್ 29ರಂದು ವಿಷಯವನ್ನು ಬಹಿರಂಗಪಡಿಸಿದರು. ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಅದಿನ್ನೂ ಇಳಿದಿರಲಿಲ್ಲ. ನೀವು ಕೇಳಿದ ಲಾಭ ಇದೇ, ಸಂಶಯಾತ್ಮ ಅವರೇ. ಮುಚ್ಚಿದ ತಂತ್ರಾಂಶದಲ್ಲಾಗಿದ್ದರೆ ಅರ್ಧ ಸೆಕೆಂಡಿನ ಬೆನ್ನು ಹತ್ತಿ ಹೊರಗಿನವರೊಬ್ಬರು ಮೂಲದವರೆಗೂ ಹೋಗುವುದು ಬಹಳ ಕಷ್ಟವಿತ್ತು.

ಸಂಶಯಾತ್ಮ

ಒಬ್ಬ ಮನುಷ್ಯನ ಕುತೂಹಲದ ಮೇಲೆ ಪ್ರಪಂಚದ ಸುರಕ್ಷತೆ ನಿಂತಿತ್ತು ಎಂದಾಯಿತು. ಇದನ್ನು ವ್ಯವಸ್ಥೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಕೊನೆಯ ಮಾತನ್ನು ಒಪ್ಪುತ್ತೇನೆ.

ಮೂರನೇ ಸಾಲು

ಓದುತ್ತಿದ್ದೇನೆ, ತುಂಬಾ ಉಪಯೋಗವಾಗುತ್ತಿದೆ. ಹಾಗಾದರೆ ಪ್ರಶ್ನೆ: ನಮ್ಮ ಸಣ್ಣ ತಂಡ ಸಾವಿರಾರು ಲೈಬ್ರರಿಗಳ ಕೋಡನ್ನು ಓದಲು ಸಾಧ್ಯವೇ ಇಲ್ಲ. ಏನು ಮಾಡಬೇಕು?

ಸರ್ವರ್ ಕಾವಲು

ಕೋಡ್ ಓದುವುದು ಆಮೇಲೆ. ಮೊದಲು ನಿಮ್ಮಲ್ಲಿ ಏನೇನಿದೆ ಎಂಬ ಪಟ್ಟಿ ಮಾಡಿಕೊಳ್ಳಿ. ಲಾಗ್‌ಫೋರ್‌ಜೆ ಸುದ್ದಿ ಬಂದ ವಾರ ಬಹಳ ಕಡೆ ಜನ ನಿದ್ದೆಗೆಟ್ಟದ್ದು ಪ್ಯಾಚ್ ಹಾಕಲು ಅಲ್ಲ, ಅದು ತಮ್ಮಲ್ಲಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಲು. ನೀವು ಒಂದು ಲೈಬ್ರರಿಯನ್ನು ಕರೆದರೆ ಅದು ಹತ್ತನ್ನು ಕರೆದುಕೊಂಡು ಬರುತ್ತದೆ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಹೆಸರಿನ ಜಗಳವೊಂದರಲ್ಲಿ ಬೇಸತ್ತು ತೆಗೆದುಹಾಕಿದಾಗ ಪ್ರಸಿದ್ಧ ಯೋಜನೆಗಳ ಬಿಲ್ಡ್‌ಗಳೇ ನಿಂತುಹೋದವು. ಪಠ್ಯದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದನ್ನು ನೇರವಾಗಿ ಬಳಸುತ್ತಿದ್ದವರು ಕಡಿಮೆ, ಮೂರನೆಯ ನಾಲ್ಕನೆಯ ಕೈಯಿಂದ ಬಂದು ಸೇರಿಕೊಂಡಿತ್ತು.

ಹಾಗಾಗಿ: ಪ್ರತಿ ಅಪ್ಲಿಕೇಶನ್‌ಗೂ ಘಟಕಗಳ ಪಟ್ಟಿ, ಅಂದರೆ ಎಸ್‌ಬಿಒಎಂ, ತಯಾರಿಸಿ. ಅದಕ್ಕೆ ಸಾಧನಗಳಿವೆ, ಕೈಯಲ್ಲಿ ಬರೆಯಬೇಕಿಲ್ಲ. ಆವೃತ್ತಿಗಳನ್ನು ಲಾಕ್ ಫೈಲ್‌ನಲ್ಲಿ (ಯಾವ ಲೈಬ್ರರಿಯ ಯಾವ ಆವೃತ್ತಿ ಎಂದು ಬರೆದಿಡುವ ಕಡತ) ಬಿಗಿದಿಡಿ. ಎನ್‌ಪಿಎಂನಂಥ ಹೊರಗಿನ ರೆಜಿಸ್ಟ್ರಿಯಿಂದ ನೇರವಾಗಿ ಎಳೆದುಕೊಳ್ಳುವ ಬದಲು ನಿಮ್ಮದೇ ಪ್ರತಿಬಿಂಬವೊಂದನ್ನು (ನಕಲು ಭಂಡಾರ) ಇಟ್ಟುಕೊಳ್ಳಿ. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳುವ ಆತುರ ಬೇಡ, ಭದ್ರತಾ ಪರಿಹಾರವಾದರೆ ಮಾತ್ರ ತಡ ಮಾಡಬೇಡಿ. ಈ ಎರಡು ನಿಯಮ ಒಂದಕ್ಕೊಂದು ಎದುರಾಗುತ್ತವೆ, ಗೊತ್ತು. ಯಾವುದು ಯಾವಾಗ ಎಂದು ನಿರ್ಧರಿಸಲು ಬದಲಾವಣೆಗಳ ಟಿಪ್ಪಣಿಯನ್ನು ಯಾರಾದರೂ ಓದಲೇಬೇಕು.

ಅಡಿಟಿಪ್ಪಣಿ

ಬದಲಾವಣೆಗಳ ಟಿಪ್ಪಣಿಯೋ! ಬಹಳಷ್ಟು ಕಡೆ ಅಲ್ಲಿರುವುದು "ದೋಷ ಪರಿಹಾರಗಳು ಮತ್ತು ಸುಧಾರಣೆಗಳು" ಎಂಬ ಒಂದು ಸಾಲು. ನಾನು ದಸ್ತಾವೇಜು ಬರೆಯುವವನು, ಆದ್ದರಿಂದ ನನ್ನ ಗೊಣಗಾಟ ಇಷ್ಟೇ: ಕೋಡ್ ಬರೆದವನಿಗೆ ದಸ್ತಾವೇಜು ಬೇಡ, ಏಕೆಂದರೆ ಅವನಿಗೆ ಗೊತ್ತಿದೆ. ಬೇಕಾದವನಿಗೆ ಬರೆಯಲು ಬಾರದು, ಏಕೆಂದರೆ ಅವನಿಗೆ ಗೊತ್ತಿಲ್ಲ. ಈ ಕಂದಕ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಒಂದು ತಂತ್ರಾಂಶವನ್ನು ಆರಿಸುವ ಮುಂಚೆ ಅದರ ಅಳವಡಿಕೆಯ ಕೈಪಿಡಿಯನ್ನು ಹಿಡಿದು ಹೊಸ ಯಂತ್ರದಲ್ಲಿ ಅಕ್ಷರಶಃ ಅನುಸರಿಸಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರೋ ಅಲ್ಲಿಂದ ಆ ಸಮುದಾಯ ಎಷ್ಟು ಜೀವಂತವಾಗಿದೆ ಎಂದು ತಿಳಿಯುತ್ತದೆ. ಕೋಡ್ ತಾಣದಲ್ಲಿ ಮೆಚ್ಚಿದವರು ಒತ್ತಿದ ನಕ್ಷತ್ರಗಳ ಸಂಖ್ಯೆ ಎಣಿಸಬೇಡಿ.

ಪರವಾನಗಿ ಪಂಡಿತ

ಎಲ್ಲರೂ ಕೋಡ್ ಓದುವ ಮಾತಾಡುತ್ತಿದ್ದೀರಿ, ಪರವಾನಗಿಯನ್ನು ಯಾರು ಓದಿದ್ದಾರೆ? ಅದು ಕೆಲವೊಮ್ಮೆ ಒಂದೇ ಪುಟ!

ಈಗಿನ ದೊಡ್ಡ ಆತಂಕ ನೀವು ನೆಚ್ಚಿಕೊಂಡ ಮೇಲೆ ಪರವಾನಗಿ ಬದಲಾಗುವುದು. ಹೆಸರಾಂತ ತಂತ್ರಾಂಶಗಳಲ್ಲೇ ನೋಡಿ: 2018ರಲ್ಲಿ ಮೊಂಗೊಡಿಬಿ, 2021ರಲ್ಲಿ ಎಲಾಸ್ಟಿಕ್‌ಸರ್ಚ್, 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್, 2024ರ ಮಾರ್ಚ್‌ನಲ್ಲಿ ರೆಡಿಸ್. ಕಾರಣ ಬಹುತೇಕ ಒಂದೇ: ಕಂಪನಿಯೊಂದು ಕಷ್ಟಪಟ್ಟು ಕಟ್ಟಿದ್ದನ್ನು ದೊಡ್ಡ ಕ್ಲೌಡ್ ಸಂಸ್ಥೆಗಳು ಎತ್ತಿಕೊಂಡು ಸೇವೆಯಾಗಿ ಮಾರುತ್ತವೆ, ಮೂಲದವರಿಗೆ ಏನೂ ಬರುವುದಿಲ್ಲ. ದೂರಿನಲ್ಲಿ ಹುರುಳಿದೆ. ಆದರೆ ಹೊರಗಿನ ನೂರಾರು ಜನ ಮುಕ್ತ ಪರವಾನಗಿಯನ್ನು ನಂಬಿ ಕೊಟ್ಟ ಕೋಡ್ ಕೂಡ ಅದರಲ್ಲಿದೆ, ಅವರನ್ನು ಯಾರೂ ಕೇಳಲಿಲ್ಲ. ಫಲವಾಗಿ ಫೋರ್ಕ್‌ಗಳು (ಅದೇ ಕೋಡ್‌ನಿಂದ ಹೊರಟ ಬೇರೆ ಕವಲುಗಳು) ಹುಟ್ಟಿದವು: ಎಲಾಸ್ಟಿಕ್‌ಸರ್ಚ್‌ನಿಂದ ಓಪನ್‌ಸರ್ಚ್, ಟೆರಾಫಾರ್ಮ್‌ನಿಂದ ಓಪನ್‌ಟೊಫು, ರೆಡಿಸ್‌ನಿಂದ ವಾಲ್ಕೀ. ಆಮೇಲೆ ಎಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ (ಬದಲಾಯಿಸಿ ಸೇವೆಯಾಗಿ ಕೊಟ್ಟರೂ ಕೋಡನ್ನು ತೆರೆದಿಡಬೇಕೆಂಬ ಪರವಾನಗಿ) ಆಯ್ಕೆಯನ್ನೂ ಸೇರಿಸಿ ಮುಕ್ತ ಪರವಾನಗಿಯ ಕಡೆಗೆ ಮರಳಿದವು. ಅಷ್ಟರಲ್ಲಿ ಬಳಕೆದಾರರು ಎರಡು ಪಾಲಾಗಿದ್ದರು.

ಆಯ್ಕೆ ಮಾಡುವಾಗ ಹಕ್ಕುಸ್ವಾಮ್ಯ ಎಲ್ಲಿದೆ ಎಂದು ನೋಡಿ. ಕೊಡುಗೆದಾರರೆಲ್ಲ ಸಿಎಲ್‌ಎಗೆ (ಕೊಡುಗೆದಾರರ ಒಪ್ಪಂದಕ್ಕೆ) ಸಹಿ ಮಾಡಿ ಹಕ್ಕುಗಳನ್ನು ಒಂದೇ ಕಂಪನಿಗೆ ಒಪ್ಪಿಸುವ ಯೋಜನೆಯಲ್ಲಿ ಆ ಕಂಪನಿ ನಾಳೆ ಮನಸ್ಸು ಬದಲಾಯಿಸಬಹುದು. ಬಿಎಸ್‌ಡಿಯಂಥ ಸಡಿಲ ಪರವಾನಗಿಯಾದರೆ ಸಿಎಲ್‌ಎ ಇಲ್ಲದೆಯೂ ಮುಂದಿನ ಆವೃತ್ತಿಗಳನ್ನು ಬೇರೆ ಷರತ್ತಿನಲ್ಲಿ ಕೊಡಬಹುದು. ಇದಕ್ಕೆ ವಿರುದ್ಧ ತುದಿಯಲ್ಲಿ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು) ಇದೆ: ಹಕ್ಕು ಸಾವಿರಾರು ಜನರಲ್ಲಿ ಹಂಚಿಹೋಗಿದೆ, ಜಿಪಿಎಲ್ (ಬದಲಾಯಿಸಿ ಹಂಚಿದರೆ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕೆಂಬ ಪರವಾನಗಿ) ಎರಡನೇ ಆವೃತ್ತಿಯಿಂದ ಅದನ್ನು ಕದಲಿಸುವುದು ಯಾರಿಂದಲೂ ಆಗದ ಕೆಲಸ. ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶದ ತಂಡ ತನ್ನ ಮೂಲ ಲೈಬ್ರರಿಯನ್ನು ಜಿಪಿಎಲ್‌ನಿಂದ ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್‌ಗೆ ತರಲು ಹಳೆಯ ಕೊಡುಗೆದಾರರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಒಪ್ಪಿಗೆ ಪಡೆಯಬೇಕಾಯಿತು. ಬಳಕೆದಾರನ ದೃಷ್ಟಿಯಿಂದ ಆ ಕಷ್ಟವೇ ಭದ್ರತೆ.

ಹೊಸ ಕೈ

ಫೋರ್ಕ್ ಮಾಡುವುದು ಇದೆಯಲ್ಲ, ಹಾಗಿದ್ದ ಮೇಲೆ ಭಯ ಏಕೆ?

ಹಳೆಯ ಪ್ಯಾಚ್

ಫೋರ್ಕ್ ಒತ್ತುವುದು ಒಂದು ಗುಂಡಿ. ಆಮೇಲೆ ಬರುವ ಪ್ರತಿ ಭದ್ರತಾ ದೋಷಕ್ಕೂ ನೀವೇ ಹೊಣೆ. ವಾಲ್ಕೀ ಉಳಿದದ್ದು ಹಿಂದೆ ರೆಡಿಸ್‌ನಲ್ಲೇ ದುಡಿದವರು ಬಂದು ಸೇರಿದ್ದರಿಂದ, ದೊಡ್ಡ ಕಂಪನಿಗಳು ಸಂಬಳ ಕೊಡುತ್ತಿರುವುದರಿಂದ, ಲಿನಕ್ಸ್ ಫೌಂಡೇಶನ್ ಚಾವಡಿ ಕೊಟ್ಟದ್ದರಿಂದ. ಬಾಡಿಗೆ ಮನೆ ಸರಿಯಿಲ್ಲವೆಂದು ಸಿಟ್ಟಿನಲ್ಲಿ ಸ್ವಂತ ಮನೆ ಕಟ್ಟಲು ಹೊರಟ ಬಹಳಷ್ಟು ಫೋರ್ಕ್‌ಗಳು ತಳಪಾಯದಲ್ಲೇ ನಿಂತಿವೆ.

ಪರವಾನಗಿ ಪಂಡಿತ

ನಿಂತರೂ ನಷ್ಟವಿಲ್ಲ ಎನ್ನುತ್ತೇನೆ. ಫೋರ್ಕ್ ಆಗಬಹುದೆಂಬ ಹೆದರಿಕೆಯೇ ಎಷ್ಟೋ ಯೋಜನೆಗಳನ್ನು ದಾರಿಗೆ ತಂದಿದೆ. 2014ರ ಕೊನೆಯಲ್ಲಿ ಆಡಳಿತದ ಜಗಳದಿಂದ, ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ನಡೆಸುವ ನೋಡ್‌ಜೆಎಸ್ ಒಡೆದು ಐಒಜೆಎಸ್ ಹುಟ್ಟಿತು. ಮರುವರ್ಷ ಎರಡೂ ಒಂದಾದವು, ಆಡಳಿತ ಸುಧಾರಿಸಿತು.

ಸಂಶಯಾತ್ಮ

ಯಾರೂ ಹಣದ ಮಾತೆತ್ತುತ್ತಿಲ್ಲ. ಬಳಸುವ ಕಂಪನಿಗಳೆಲ್ಲ ಲಾಭದ ಒಂದು ಚೂರನ್ನು ಕೊಟ್ಟಿದ್ದರೆ ಮೇಲಿನ ಅರ್ಧ ಕತೆಗಳು ಇರುತ್ತಿರಲಿಲ್ಲ. ಓದುವವರಿಲ್ಲ ಎಂದು ಕೊರಗುವ ಬದಲು ಓದುವವರಿಗೆ ಸಂಬಳ ಕೊಡಿ. ಇಷ್ಟು ಸರಳ.

ಹಳೆಯ ಪ್ಯಾಚ್

ಅರ್ಧ ಒಪ್ಪುತ್ತೇನೆ. ಹಾರ್ಟ್‌ಬ್ಲೀಡ್ ಆದಮೇಲೆ ಹಣ ಬಂತು, ಓಪನ್‌ಎಸ್‌ಎಸ್‌ಎಲ್‌ಗೆ ಪೂರ್ಣಾವಧಿ ಜನ ಸಿಕ್ಕರು, ಕೋಡ್ ಸುಧಾರಿಸಿತು. ಜರ್ಮನಿ ಸರ್ಕಾರ 2022ರಿಂದ ಸಾವರಿನ್ ಟೆಕ್ ಫಂಡ್ ಮೂಲಕ ಇಂಥ ಮೂಲ ಯೋಜನೆಗಳಿಗೆ ಹಣ ಕೊಡುತ್ತಿದೆ, ಒಳ್ಳೆಯ ಕೆಲಸ.

ಉಳಿದರ್ಧ ಹೀಗೆ. ನನ್ನ ಲೈಬ್ರರಿಗೂ ಒಂದು ಕಂಪನಿ ದೇಣಿಗೆ ಕೊಡಲು ಮುಂದೆ ಬಂದಿತ್ತು. ಜೊತೆಗೆ ಪ್ರಶ್ನಾವಳಿಯೂ ಬಂತು: ಎಷ್ಟು ಗಂಟೆಯೊಳಗೆ ದೋಷ ಸರಿಪಡಿಸುತ್ತೀರಿ, ನಿಮ್ಮ ಭದ್ರತಾ ನೀತಿ ಏನು, ಇಲ್ಲಿ ಸಹಿ ಮಾಡಿ. ನಾನು ಅವರ ಸರಬರಾಜುದಾರನಲ್ಲ, ಹಾಗೆಂದು ಬರೆದು ಕಳುಹಿಸಿದೆ. ನನ್ನ ಪರವಾನಗಿಯಲ್ಲೇ ದೊಡ್ಡ ಅಕ್ಷರಗಳಲ್ಲಿ ಇದೆ: ಇದ್ದದ್ದು ಇದ್ದ ಹಾಗೆ, ಯಾವ ಖಾತರಿಯೂ ಇಲ್ಲ. ಹವ್ಯಾಸಕ್ಕೆಂದು ಮಾಡುವವನಿಗೆ ಹಣ ಕೊಟ್ಟರೆ ಸಮಯ ಸಿಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಬೇರೆ ನೌಕರಿಯಿದೆ, ಸಂಸಾರವಿದೆ. ಹಣಕ್ಕಿಂತ, ವಾರಕ್ಕೆ ಅರ್ಧ ದಿನ ತಮ್ಮ ಒಬ್ಬ ಎಂಜಿನಿಯರ್ ನನ್ನ ಇಶ್ಯೂ ಪಟ್ಟಿಯನ್ನು (ಬಂದ ದೂರು, ಕೋರಿಕೆಗಳ ಪಟ್ಟಿ) ಓದುತ್ತಾರೆ ಎಂದಿದ್ದರೆ ಕುಣಿದಾಡಿಬಿಡುತ್ತಿದ್ದೆ. ಅದನ್ನು ಯಾರೂ ಹೇಳಲಿಲ್ಲ.

ಇದು ಈಗ ಇನ್ನಷ್ಟು ಕೆಟ್ಟಿದೆ. ಎಐ ಬರೆದ ದೋಷ ವರದಿಗಳು ರಾಶಿ ಬೀಳುತ್ತಿವೆ. ನೋಡಲು ಗಂಭೀರವಾಗಿರುತ್ತವೆ, ಇಲ್ಲದ ಫಂಕ್ಷನ್‌ಗಳ ಹೆಸರು ಹೇಳುತ್ತವೆ, ಸುಳ್ಳೆಂದು ತಿಳಿಯಲು ಅರ್ಧ ದಿನ ಹೋಗುತ್ತದೆ. ಜಾಲದಿಂದ ದತ್ತಾಂಶ ತರುವ ಸಾಧನವಾದ ಕರ್ಲ್ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್ ಇದರ ಬಗ್ಗೆ ಬಹಿರಂಗವಾಗಿಯೇ ಮತ್ತೆಮತ್ತೆ ದೂರಿದ್ದಾರೆ. ಬರೆಯುವುದು ಹೀಗೆ ಪುಕ್ಕಟೆಯಾದ ಮೇಲೆ ಓದುವವನ ಮೇಲಿನ ಹೊರೆ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ.

ಸಂಶಯಾತ್ಮ

ಕಂಪನಿಗೆ ಪ್ರಶ್ನಾವಳಿ ಬೇಕೇ ಬೇಕು, ಅವರ ಮೇಲೂ ಕಾನೂನು ಇದೆ. ಯುರೋಪಿನ ಸೈಬರ್ ರೆಸಿಲಿಯನ್ಸ್ ಆಕ್ಟ್ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದೆ, ಮುಖ್ಯ ಹೊಣೆಗಳು 2027ರ ಡಿಸೆಂಬರ್‌ನಿಂದ. ಅಲ್ಲಿ ಉತ್ಪನ್ನ ಮಾರುವವರೇ ಒಳಗಿನ ಘಟಕಗಳಿಗೂ ಉತ್ತರಿಸಬೇಕು. ವ್ಯಾಪಾರವಿಲ್ಲದೆ ಬರೆಯುವ ಹವ್ಯಾಸಿಗಳನ್ನು ಹೊರಗಿಟ್ಟಿದ್ದಾರೆ.

ಹಳೆಯ ಪ್ಯಾಚ್

ಸರಿಯಾಗಿಯೇ ಇದೆ. ಹೊಣೆ ಮಾರುವವರದ್ದು ಎಂದಮೇಲೆ ಓದುವ ಕೆಲಸವೂ ಅವರದ್ದೇ. ಪ್ರಶ್ನಾವಳಿಯನ್ನು ನನಗೆ ಕಳುಹಿಸಿದರೆ ಅದು ಮುಗಿಯುವುದಿಲ್ಲ.

ಮೂರನೇ ಸಾಲು

ಇಷ್ಟು ಓದಿದ ಮೇಲೆ ಹಾಳೆಯನ್ನು ತಿದ್ದಿ ಮೇಲಿನವರ ಮುಂದಿಟ್ಟಿದ್ದೇನೆ. ಶುಲ್ಕದ ಉಳಿತಾಯದಲ್ಲಿ ಒಂದು ಪಾಲನ್ನು ಪೋಸ್ಟ್‌ಗ್ರೆಸ್ ಬೆಂಬಲಕ್ಕೆ, ಒಂದು ಪಾಲನ್ನು ನಮ್ಮವರ ತರಬೇತಿಗೆ ಎತ್ತಿಡಬೇಕೆಂದು ಬರೆದಿದ್ದೇನೆ. ಮೊದಲ ಪ್ರತಿಕ್ರಿಯೆ ಅಷ್ಟೇನೂ ಖುಷಿಯದಲ್ಲ, ಆದರೆ ತಳ್ಳಿಹಾಕಿಲ್ಲ. ಮೊದಲ ಹಂತಕ್ಕೆ ಲಿಬ್ರೆಆಫೀಸ್ ಮಾತ್ರ, ವಿಂಡೋಸ್ ಮೇಲೆಯೇ.

ಎರಡು ಪ್ರಶ್ನೆ. ಹಳೆಯ ಕಡತಗಳನ್ನು ತೆರೆದಾಗ ಪುಟಗಳು ಅಡ್ಡಾದಿಡ್ಡಿಯಾಗುತ್ತಿವೆ, ಲೆಕ್ಕಪತ್ರ ವಿಭಾಗದ ಮ್ಯಾಕ್ರೊಗಳು (ಕಡತದೊಳಗೆ ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಕೋಡ್) ಓಡುತ್ತಿಲ್ಲ. ಮತ್ತು, ಹಳೆಯ ಪ್ಯಾಚ್ ಅವರು ಹೇಳಿದಂತೆ ವಾರಕ್ಕೆ ಅರ್ಧ ದಿನ ನಮ್ಮ ತಂಡದವರು ಹೊರಗಿನ ಯೋಜನೆಗೆ ಕೆಲಸ ಮಾಡಬಹುದೇ? ನೇಮಕಾತಿ ಕರಾರಿನಲ್ಲಿ ನಾವು ಬರೆಯುವ ಕೋಡ್ ಎಲ್ಲ ಸಂಸ್ಥೆಗೆ ಸೇರಿದ್ದು ಎಂದಿದೆ.

ಅಡಿಟಿಪ್ಪಣಿ

ಪುಟ ಜರುಗುವುದು ಬಹಳ ಸಲ ಫಾಂಟ್‌ನಿಂದ. ಕ್ಯಾಲಿಬ್ರಿ ಇಲ್ಲದ ಯಂತ್ರದಲ್ಲಿ ಕಾರ್ಲಿಟೊ, ಕ್ಯಾಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್‌ಗೆ ಲಿಬರೇಶನ್ ಫಾಂಟ್‌ಗಳು ಅದೇ ಅಳತೆಯಲ್ಲಿ ಸಿಗುತ್ತವೆ, ಎಲ್ಲ ಯಂತ್ರಗಳಲ್ಲೂ ಹಾಕಿಸಿ. ಮ್ಯಾಕ್ರೊಗಳ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಮೈಕ್ರೋಸಾಫ್ಟ್ ಆಫೀಸ್‌ನ ಮ್ಯಾಕ್ರೊ ಭಾಷೆಯಾದ ವಿಬಿಎ ಲಿಬ್ರೆಆಫೀಸ್‌ನಲ್ಲಿ ಭಾಗಶಃ ಮಾತ್ರ ನಡೆಯುತ್ತದೆ. ಪಟ್ಟಿ ಮಾಡಿ, ಯಾವುದನ್ನು ಈಗಲೂ ಬಳಸುತ್ತಾರೆ ಎಂದು ಆ ವಿಭಾಗದವರ ಪಕ್ಕದಲ್ಲೇ ಕುಳಿತು ಕೇಳಿ. ಅರ್ಧಕ್ಕರ್ಧ ಯಾರೂ ಮುಟ್ಟದ ಮ್ಯಾಕ್ರೊಗಳಿರುತ್ತವೆ. ಉಳಿದವನ್ನು ಹೊಸದಾಗಿ ಬರೆಯುವವರೆಗೆ ಅವರಿಗೆ ಹಳೆಯ ತಂತ್ರಾಂಶವನ್ನೇ ಬಿಡಿ, ಬಲವಂತ ಮಾಡಿದರೆ ಇಡೀ ಯೋಜನೆಗೆ ಶತ್ರುಗಳು ಅಲ್ಲಿಂದಲೇ ಹುಟ್ಟುತ್ತಾರೆ.

ಪರವಾನಗಿ ಪಂಡಿತ

ಕರಾರು ಹಾಗಿದ್ದರೆ ಮೊದಲ ಪ್ಯಾಚ್ ಹೋಗುವ ಮುಂಚೆಯೇ ಲಿಖಿತ ಅನುಮತಿ ಪಡೆಯಿರಿ. ಅನೇಕ ಯೋಜನೆಗಳು ಪ್ರತಿ ಕಮಿಟ್ (ದಾಖಲಿಸಿದ ಬದಲಾವಣೆ) ಜೊತೆ "ಇದನ್ನು ಕೊಡುವ ಹಕ್ಕು ನನಗಿದೆ" ಎಂಬ ಸಹಿಯನ್ನು ಕೇಳುತ್ತವೆ, ಲಿನಕ್ಸ್ ಕರ್ನಲ್ 2004ರಿಂದ ಕೇಳುತ್ತಿದೆ. ಅನುಮತಿ ಇಲ್ಲದೆ ಆ ಸಹಿ ಹಾಕಿದರೆ ತೊಂದರೆ ಇಬ್ಬರಿಗೂ. ಅನುಮತಿಯಲ್ಲಿ ಯೋಜನೆಗಳ ಹೆಸರನ್ನು ಒಂದೊಂದಾಗಿ ಬರೆಸಬೇಡಿ, "ಸಂಸ್ಥೆಯು ಬಳಸುವ ಮುಕ್ತ ತಂತ್ರಾಂಶಗಳು ಮತ್ತು ಅವುಗಳ ಅವಲಂಬನೆಗಳು" ಎಂದು ಬರೆಸಿ. ಇಲ್ಲವಾದರೆ ಪ್ರತಿ ಸಲ ಹೊಸ ಲೈಬ್ರರಿಗೆ ಹೊಸ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತದೆ, ಅಷ್ಟರಲ್ಲಿ ದೋಷವನ್ನು ಬೇರೆ ಯಾರೋ ಸರಿಪಡಿಸಿರುತ್ತಾರೆ.

ಹಳೆಯ ಪ್ಯಾಚ್

ಅಥವಾ ಸರಿಪಡಿಸಿರುವುದಿಲ್ಲ. ಅನುಮತಿ ಸಿಕ್ಕ ಮೇಲೆ ಖಾಸಗಿ ಸಂದೇಶ ಕಳುಹಿಸಿ, ನನ್ನ ಪಟ್ಟಿಯಲ್ಲಿ ಓದುವವರಿಗಾಗಿ ಕಾಯುತ್ತಿರುವ ಪುಲ್ ರಿಕ್ವೆಸ್ಟ್‌ಗಳನ್ನು ತೋರಿಸುತ್ತೇನೆ. ಸಣ್ಣದರಿಂದ ಶುರು ಮಾಡಿ.